ಕರಿ ಕಂಬಳಿಯ ಫೋಟೋಗೆ ಹಾಳೆ ಹುಡುಕಿದ್ದು

ಚಳ್ಳಕೆರೆ ಕಡೆಯ ಒಬ್ಬ ಕುರಿಗಾಹಿ ಅಜ್ಜ. ಬೆಳಗಿನ ಎಳೆಬಿಸಿಲು. ಹೆಗಲ ಮೇಲೆ ಕರಿ ಕಂಬಳಿ. ಈ ಫೋಟೋವನ್ನು ನನ್ನ ಮಾನಿಟರಿನಲ್ಲಿ ತೆರೆದರೆ ಕಂಬಳಿಯ ಒಂದೊಂದು ಎಳೆ ಎಣಿಸಬಹುದು. ಕರಿಯಲ್ಲೇ ನಾಲ್ಕೈದು ಬಗೆ. ಒಂದು ಕಡೆ ಕಂದು, ಇನ್ನೊಂದು ಕಡೆ ಬೂದು, ಮಡಿಕೆಯ ಒಳಗೆ ಕಗ್ಗತ್ತಲು. ನಾನು ತೆಗೆದ ಫೋಟೋಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಅದನ್ನು ಎ3+ ಅಳತೆಯ ಹಾಳೆಗೆ ಪ್ರಿಂಟ್ ಹೊಡೆದೆ. ಬಂದದ್ದು ಒಂದು ಮಸುಕು ಮಚ್ಚೆ. ಎಳೆ ಇಲ್ಲ, ಮಡಿಕೆ ಇಲ್ಲ. ಹೋಗಲಿ ಕಡುಕರಿಯಾದರೂ ಆಗಿದೆಯಾ ಅಂದರೆ ಅದೂ ಇಲ್ಲ, ಬೂದಿ ಬಳಿದ ಹಾಗಿತ್ತು. ಅದರ ಹಿಂದೆಯೇ ಹೊಡೆದ ನಮ್ಮ ಏಳು ಸುತ್ತಿನ ಕೋಟೆಯ ಫೋಟೋದಲ್ಲಿ ಬಂಡೆಗಳೆಲ್ಲ ಗುಲಾಬಿಗೆ ತಿರುಗಿದ್ದವು. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವನು ನಾನು. ಆ ಬಂಡೆ ಬೆಳಿಗ್ಗೆ ಯಾವ ಬಣ್ಣ, ಸಂಜೆ ಯಾವ ಬಣ್ಣ ಅಂತ ನನಗೆ ಯಾರೂ ಹೇಳಬೇಕಿಲ್ಲ. ಗುಲಾಬಿ ಅಂತೂ ಅಲ್ಲ.

ಹದಿನೆಂಟು ಫೋಟೋ ಪ್ರದರ್ಶನಕ್ಕೆ ಕೊಡಬೇಕಿತ್ತು. ಕೈಯಲ್ಲಿ ಆರು ವಾರ ಇತ್ತು. ಪ್ರಿಂಟರ್ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಎಪ್ಸನ್ ಶ್ಯೂರ್‌ಕಲರ್. ಹಾಳೆ ಹಾನೆಮ್ಯೂಲೆ ಫೋಟೋ ರ್ಯಾಗ್, 308 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 308 ಗ್ರಾಂ ತೂಗುವ, ಪೂರ್ತಿ ಹತ್ತಿಯ, ಹೊಳಪಿಲ್ಲದ ಮ್ಯಾಟ್ ಹಾಳೆ. 1584ರಿಂದ ಹಾಳೆ ಮಾಡುತ್ತಿರುವ ಜರ್ಮನಿಯ ಕಾರ್ಖಾನೆ ಅದು. ಅಂಥ ಹಾಳೆಯನ್ನು ಒಂದೇ ವಾರದಲ್ಲಿ ಏಳು ಹಾಳು ಮಾಡಿದೆ. ಎಂಟನೆಯದನ್ನು ಟ್ರೇಗೆ ಹಾಕಲು ಕೈ ಬರಲಿಲ್ಲ.

ಕೆಟ್ಟ ಪ್ರಿಂಟ್‌ಗಳನ್ನು ಸುತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಅಲ್ಲಿ ಪಿ.ಜೆ. ಬಡಾವಣೆಯಲ್ಲಿ ಸ್ಟುಡಿಯೊ ನಡೆಸುವ ಅಣ್ಣ ಒಬ್ಬರಿದ್ದಾರೆ. ಸಂಬಂಧದಲ್ಲಿ ಅಣ್ಣನಲ್ಲ, ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು. ಪ್ರಿಂಟನ್ನು ಕಿಟಕಿ ಹತ್ತಿರ ಒಯ್ದು ನೋಡಿದರು. ಬೆರಳಲ್ಲಿ ಹಾಳೆಯ ಅಂಚು ಸವರಿದರು.

"ಯಾವ ಹಾಳೆ ಇದು?"

"ಕಾಟನ್ ರ್ಯಾಗ್ ಅಣ್ಣಾ. ಮ್ಯಾಟ್."

"ಡ್ರೈವರ್‌ನಲ್ಲಿ ಯಾವ ಹಾಳೆ ಅಂತ ಕೊಟ್ಟಿದ್ದಿ?"

"ಪ್ರೀಮಿಯಂ ಲಸ್ಟರ್. ಹಿಂದಿನ ಕೆಲಸದ್ದು ಹಂಗೇ ಉಳಿದಿತ್ತು."

"ಪ್ರೊಫೈಲ್?"

"ಮ್ಯಾಟ್ ಅಂತ ಹೆಸರಿರೋದು ಒಂದು ಸಿಕ್ತು, ಅದನ್ನೇ ಹಾಕಿದೆ."

"ಮೂರೂ ಮೂರು ದಿಕ್ಕಿಗೆ ಅದಾವಲ್ಲಪ್ಪಾ ತಮ್ಮಾ. ಬಣ್ಣ ಎಲ್ಲಿಂದ ಕೂಡಿ ಬರಬೇಕು?"

ಡ್ರೈವರ್ ಅಂದರೆ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್. ಲಸ್ಟರ್ ಅಂದರೆ ತುಸು ಹೊಳಪಿನ ಹಾಳೆ. ಅಲ್ಲಿಯವರೆಗೆ ಪ್ರೊಫೈಲ್ ಅಂದರೆ ಹಾಳೆಯ ಹೆಸರು ಅಂತ ನಾನು ತಿಳಿದಿದ್ದೆ. ಮ್ಯಾಟ್ ಹಾಳೆಗೆ ಮ್ಯಾಟ್ ಪ್ರೊಫೈಲ್, ಗ್ಲಾಸಿಗೆ ಗ್ಲಾಸಿ, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ಅಣ್ಣ ಕೇಳಿದರು: "ಮೊಳಕಾಲ್ಮೂರಿನ ರೇಷ್ಮೆ ನೂಲು, ನಮ್ಮ ದಾವಣಗೆರೆ ಹತ್ತಿ ನೂಲು, ಎರಡನ್ನೂ ಒಂದೇ ಬಣ್ಣದ ತೊಟ್ಟಿಗೆ ಅದ್ದಿದರೆ ಒಂದೇ ಬಣ್ಣ ಬರ್ತದೇನು?" ಬರೋದಿಲ್ಲ. ಹಾಳೆಯೂ ಹಾಗೇ. ಇಂತಿಷ್ಟು ಇಂಕನ್ನು ಈ ಹಾಳೆಯ ಮೇಲೆ ಈ ಪ್ರಿಂಟರ್ ಹಾಕಿದರೆ ಕಣ್ಣಿಗೆ ಯಾವ ಬಣ್ಣ ಕಾಣುತ್ತದೆ ಅಂತ ಅಳೆದು ಬರೆದಿಟ್ಟ ಲೆಕ್ಕವೇ ಪ್ರೊಫೈಲ್. ಪ್ರಿಂಟರ್, ಇಂಕ್, ಹಾಳೆ, ಡ್ರೈವರ್‌ನಲ್ಲಿ ಆರಿಸಿದ ಮೀಡಿಯಾ ಟೈಪ್ (ಹಾಳೆಯ ಬಗೆ), ಈ ನಾಲ್ಕೂ ಸೇರಿದಾಗ ಮಾತ್ರ ಆ ಲೆಕ್ಕ ನಿಜ. ಒಂದು ಬದಲಾದರೂ ಲೆಕ್ಕ ಬೇರೆ ಯಾರದೋ ಮನೆಯದಾಗುತ್ತದೆ. ಈ ಲೆಕ್ಕವನ್ನು ಎಲ್ಲ ಕಂಪನಿಗಳ ಸಾಫ್ಟ್‌ವೇರೂ ಓದುವ ಹಾಗೆ ಒಂದೇ ರೀತಿಯಲ್ಲಿ ಬರೆಯಬೇಕು ಅಂತ 1993ರಲ್ಲಿ ಕೆಲವು ಕಂಪನಿಗಳು ಕೂಡಿ ಇಂಟರ್‌ನ್ಯಾಷನಲ್ ಕಲರ್ ಕನ್ಸೋರ್ಟಿಯಂ ಅನ್ನುವ ಒಕ್ಕೂಟ ಮಾಡಿಕೊಂಡವು. ಐಸಿಸಿ ಪ್ರೊಫೈಲ್ ಅನ್ನುವ ಹೆಸರು ಅಲ್ಲಿಂದ ಬಂತು.

ಮೀಡಿಯಾ ಟೈಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಹಾಳೆಗಳು ಹಾಳಾಗಿದ್ದು ಅಲ್ಲಿಯೇ. ಅದು ಬರೀ ಹೆಸರಲ್ಲ. ಎಷ್ಟು ಇಂಕ್ ಸುರಿಯಬೇಕು, ಯಾವ ಕರಿ ಇಂಕ್ ಬಳಸಬೇಕು ಅನ್ನುವುದನ್ನು ಪ್ರಿಂಟರ್ ತೀರ್ಮಾನ ಮಾಡುವುದು ಅದನ್ನು ನೋಡಿಯೇ. ನನ್ನ ಪ್ರಿಂಟರಿನಲ್ಲಿ ಎರಡು ಕರಿ ಇವೆ. ಗ್ಲಾಸಿ, ಲಸ್ಟರ್ ಹಾಳೆಗೆ ಫೋಟೋ ಬ್ಲ್ಯಾಕ್. ಮ್ಯಾಟ್ ಹಾಳೆಗೆ ಮ್ಯಾಟ್ ಬ್ಲ್ಯಾಕ್. ನಾನು ಲಸ್ಟರ್ ಅಂತ ಕೊಟ್ಟಿದ್ದರಿಂದ ಹತ್ತಿಯ ಹಾಳೆಗೆ ಫೋಟೋ ಬ್ಲ್ಯಾಕ್ ಬಿತ್ತು. ಅಂಥ ಹಾಳೆಯ ಮೇಲೆ ಆ ಕರಿ ನಿಲ್ಲುವುದಿಲ್ಲ, ಒಳಗೆ ಹೀರಿಕೊಂಡು ಮಂಕಾಗುತ್ತದೆ. ಅಜ್ಜನ ಕಂಬಳಿ ಬೂದಿಯಾದದ್ದು ಹಾಗೆ.

ಬಂಡೆ ಗುಲಾಬಿಯಾದದ್ದಕ್ಕೆ ಬೇರೆ ಕಾರಣ. ಫೋಟೋಶಾಪ್‌ನಲ್ಲಿ ಬಣ್ಣದ ಉಸ್ತುವಾರಿ ಫೋಟೋಶಾಪಿನದೇ ಅಂತ ಕೊಟ್ಟಿದ್ದೆ. ಆದರೆ ಎಪ್ಸನ್ ಡ್ರೈವರ್‌ನಲ್ಲಿ ಬಣ್ಣದ ಹೊಂದಾಣಿಕೆಯನ್ನು ಆಫ್ ಮಾಡಿರಲಿಲ್ಲ. ಒಮ್ಮೆ ಫೋಟೋಶಾಪ್ ತಿದ್ದಿತು. ತಿದ್ದಿದ್ದನ್ನೇ ಡ್ರೈವರ್ ಮತ್ತೊಮ್ಮೆ ತಿದ್ದಿತು. ಎರಡು ಸಲ ಉಪ್ಪು ಬಿದ್ದ ಸಾರು. ಪ್ರಿಂಟ್ ಸುಮ್ನೆ ಗುಲಾಬಿಗೆ ತಿರುಗಿದರೆ ನಾನು ಈಗ ಮೊದಲು ನೋಡುವುದು ಇದನ್ನೇ.

ಚಿತ್ರದುರ್ಗಕ್ಕೆ ವಾಪಸ್ ಬಂದವನು ಪ್ರಿಂಟರ್ ಮುಟ್ಟಲಿಲ್ಲ. ಪ್ರೊಫೈಲ್‌ಗಳ ಪಟ್ಟಿ ತೆರೆದು ಕೂತೆ. ಫೋಟೋಶಾಪ್‌ನ ಆ ಪಟ್ಟಿ ನೋಡಿದವರಿಗೆ ಗೊತ್ತು, ಉದ್ದಕ್ಕೆ ಇಳಿಯುತ್ತಲೇ ಹೋಗುತ್ತದೆ. ಬರೀ ಅಕ್ಷರ, ಅಂಕಿ, ಅಡ್ಡಗೆರೆ. ಮೊದಲು ನೋಡಿದಾಗ ಹಳೆಯ ಶಾಸನದ ಮುಂದೆ ನಿಂತ ಹಾಗಾಗಿತ್ತು. ಆದರೆ ಅಕ್ಷರಗಳಿಗೆ ಅರ್ಥ ಇದೆ. ಹಾನೆಮ್ಯೂಲೆಯ ಫೈಲಿನಲ್ಲಿ ಎಚ್‌ಎಫ್‌ಎ ಅಂತ ಶುರುವಾಗುತ್ತದೆ, ಅದು ಹಾನೆಮ್ಯೂಲೆ ಫೈನ್ ಆರ್ಟ್. ಆಮೇಲೆ ಪ್ರಿಂಟರಿನ ಮಾಡೆಲ್. ಆಮೇಲೆ ಎಂಕೆ ಅಥವಾ ಪಿಕೆ, ಅಂದರೆ ಮ್ಯಾಟ್ ಬ್ಲ್ಯಾಕೋ ಫೋಟೋ ಬ್ಲ್ಯಾಕೋ. ಕೊನೆಗೆ ಹಾಳೆಯ ಹೆಸರು. ಕ್ಯಾನನ್ ಪ್ರಿಂಟರ್ ಇರುವ ಗೆಳೆಯನ ಪಟ್ಟಿಯಲ್ಲಿ ಪಿಟಿ, ಎಲ್‌ಯು, ಎಸ್‌ಜಿ, ಎಂಪಿ ಅಂತೆಲ್ಲ ಇದ್ದವು. ಅವು ಕ್ಯಾನನ್ ಹಾಳೆಗಳ ಸಂಕೇತ. ಪಿಟಿ ಅಂದರೆ ಪ್ರೊ ಪ್ಲಾಟಿನಂ, ಎಲ್‌ಯು ಪ್ರೊ ಲಸ್ಟರ್, ಎಸ್‌ಜಿ ಸೆಮಿ ಗ್ಲಾಸ್, ಎಂಪಿ ಮ್ಯಾಟ್ ಫೋಟೋ ಪೇಪರ್. ಹಾಳೆಯ ಪೊಟ್ಟಣದ ಮೇಲೂ ಅದೇ ಸಂಕೇತ ಇರುತ್ತದೆ. ಎಂಪಿ-101 ಅಂತ ಪೊಟ್ಟಣದಲ್ಲಿ ಕಂಡರೆ ಪಟ್ಟಿಯಲ್ಲಿ ಎಂಪಿ ಹುಡುಕಿದರಾಯಿತು.

ಬೇಡದ ಪ್ರೊಫೈಲ್‌ಗಳಿಂದ ತಲೆ ಕೆಡುತ್ತಿತ್ತು. ವಿಂಡೋಸ್‌ನಲ್ಲಿ ಇವೆಲ್ಲ ಸಿಸ್ಟಂ32 ಒಳಗೆ ಸ್ಪೂಲ್, ಡ್ರೈವರ್ಸ್, ಅದರೊಳಗೆ ಕಲರ್ ಅನ್ನುವ ಫೋಲ್ಡರಿನಲ್ಲಿ ಕೂತಿರುತ್ತವೆ. ನನ್ನ ಬಳಿ ಇಲ್ಲದ ಹಾಳೆಗಳ ಪ್ರೊಫೈಲನ್ನು ಅಲ್ಲಿಂದ ತೆಗೆದು ಬೇರೆ ಕಡೆ ಇಟ್ಟೆ. ಉಳಿದವಕ್ಕೆ ನನಗೆ ತಿಳಿಯುವಂಥ ಹೆಸರಿಟ್ಟೆ. ಫೋಟೋಶಾಪ್ ಮುಚ್ಚಿ ತೆರೆದೆ. ಪಟ್ಟಿಯಲ್ಲಿ ಹಳೆಯ ಹೆಸರುಗಳೇ! ಅರ್ಧ ದಿನ ಇದರಲ್ಲೇ ಹೋಯಿತು. ಫೈಲಿನ ಹೊರಗಿನ ಹೆಸರು ಬೇರೆ, ಪ್ರೊಫೈಲಿನ ಒಳಗೆ ಬರೆದಿರುವ ಹೆಸರು ಬೇರೆ. ಫೋಟೋಶಾಪ್ ತೋರಿಸುವುದು ಒಳಗಿನದನ್ನು. ಕೊನೆಗೆ ಹೆಸರು ಬದಲಿಸುವ ಆಸೆ ಬಿಟ್ಟು ಒಂದು ನೋಟ್‌ಬುಕ್ ತಂದೆ. ಒಂದೊಂದು ಹಾಳೆಗೆ ಒಂದು ಪುಟ. ಪೊಟ್ಟಣದ ಮೇಲಿನ ಹೆಸರು, ಪಟ್ಟಿಯಲ್ಲಿ ಕಾಣುವ ಪ್ರೊಫೈಲ್ ಹೆಸರು, ಡ್ರೈವರಿನಲ್ಲಿ ಕೊಡಬೇಕಾದ ಮೀಡಿಯಾ ಟೈಪ್, ಯಾವ ಕರಿ, ಪ್ರಿಂಟ್ ಕ್ವಾಲಿಟಿ ಎಷ್ಟು, ಎಲ್ಲ ಬರೆದೆ.

ಬೇರೆ ಕಂಪನಿಯ ಹಾಳೆ ಕೊಂಡವರು ಸಾಮಾನ್ಯವಾಗಿ ಎಡವುವುದು ಮೀಡಿಯಾ ಟೈಪಿನ ಸಾಲಿನಲ್ಲಿ. ನನ್ನ ಎಪ್ಸನ್ ಡ್ರೈವರಿನಲ್ಲಿ ಇರುವುದು ಎಪ್ಸನ್ ಹಾಳೆಗಳ ಹೆಸರು ಮಾತ್ರ. ಹಾನೆಮ್ಯೂಲೆ ಅಲ್ಲಿ ಇರುವುದಿಲ್ಲ. ಆ ಹಾಳೆಗೆ ಎಪ್ಸನ್ನಿನ ಯಾವ ಹೆಸರು ಆರಿಸಬೇಕು ಅಂತ ಹಾಳೆಯ ಕಂಪನಿಯೇ ಪ್ರೊಫೈಲ್ ಜೊತೆಗೆ ಹೇಳುತ್ತದೆ. ಅವರು ಪ್ರೊಫೈಲ್ ಅಳೆದಿರುವುದು ಅದೇ ಹೆಸರನ್ನು ಆರಿಸಿ ಹೊಡೆದ ಪ್ರಿಂಟಿನಿಂದ. ನಮಗೆ ಬೇರೆ ಹೆಸರು ಚೆನ್ನಾಗಿದೆ ಅನ್ನಿಸಿ ಬದಲಿಸಿದರೆ ಆ ಅಳತೆ ವ್ಯರ್ಥ. ನಾನು ಮೊದಲ ಸಲ ಆ ಸೂಚನೆಯನ್ನು ಓದದೆ ಪ್ರೊಫೈಲ್ ಒಂದನ್ನೇ ಎತ್ತಿಕೊಂಡಿದ್ದೆ.

ಮಾನಿಟರ್ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಪರದೆಯ ಬಣ್ಣ ಅಳೆದು ಸರಿಪಡಿಸುವ ತಮ್ಮ ಸ್ಪೈಡರ್ ಸಾಧನವನ್ನು ಅಣ್ಣ ಎರಡು ದಿನಕ್ಕೆ ಕೊಟ್ಟರು. ಬಿಳಿಯ ಛಾಯೆಯನ್ನು 6500 ಕೆಲ್ವಿನ್‌ಗೆ, ನಡುಛಾಯೆಗಳ ಗಾಮಾವನ್ನು 2.2ಕ್ಕೆ, ಬೆಳಕನ್ನು ಚದರ ಮೀಟರಿಗೆ 100 ಕ್ಯಾಂಡೆಲಾಗೆ ಹೊಂದಿಸಿದೆ. ಅಷ್ಟು ವರ್ಷ ನಾನು ಮಾನಿಟರನ್ನು ಕಣ್ಣು ಕುಕ್ಕುವಷ್ಟು ಬೆಳಕಿನಲ್ಲಿ ಇಟ್ಟಿದ್ದೆ. ಅದರಲ್ಲಿ ನೋಡಿ ಫೋಟೋ ಕಪ್ಪು ಮಾಡಿ, ಪ್ರಿಂಟ್ ಕಪ್ಪಾಯಿತು ಅಂತ ಪ್ರಿಂಟರಿಗೆ ಬೈಯುತ್ತಿದ್ದೆ.

ಈಗ ಸಾಫ್ಟ್ ಪ್ರೂಫ್. ಹಾಳೆ ಖರ್ಚು ಮಾಡುವ ಮೊದಲೇ ಪ್ರಿಂಟ್ ಹೇಗೆ ಬರುತ್ತದೆ ಅಂತ ಪರದೆಯ ಮೇಲೆ ನೋಡಿಕೊಳ್ಳುವುದು. ಫೋಟೋಶಾಪ್‌ನಲ್ಲಿ ವ್ಯೂ ಮೆನು, ಪ್ರೂಫ್ ಸೆಟಪ್, ಕಸ್ಟಮ್. ಅಲ್ಲಿ ಫೋಟೋ ರ್ಯಾಗ್ ಪ್ರೊಫೈಲ್ ಆರಿಸಿದೆ. ಪ್ರಿಸರ್ವ್ ಆರ್‌ಜಿಬಿ ನಂಬರ್ಸ್ ಅನ್ನುವ ಚೌಕದಲ್ಲಿ ಗುರುತು ಇತ್ತು. ಗುರುತು ಇದ್ದರೆ ಪ್ರೊಫೈಲ್ ಬಳಸಿ ಬಣ್ಣ ಬದಲಿಸದೆ ಹಾಗೇ ಕಳಿಸಿದರೆ ಏನಾಗುತ್ತದೆ ಅನ್ನುವುದನ್ನು ತೋರಿಸುತ್ತದೆ. ನಮಗೆ ಬೇಕಾದದ್ದು ಅದಲ್ಲ, ಹಾಗಾಗಿ ಗುರುತು ತೆಗೆದೆ. ಫೋಟೋದ ಕಡುಕರಿಯನ್ನು ಹಾಳೆಯ ಕಡುಕರಿಗೆ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್‌ಗೆ ಗುರುತು ಹಾಕಿದೆ. ಆಮೇಲೆ ಹಾಳೆಯ ಬಿಳಿ, ಅದರ ಮೇಲಿನ ಕರಿ ಹೇಗಿರುತ್ತವೋ ಹಾಗೇ ತೋರಿಸುವ ಸಿಮ್ಯುಲೇಟ್ ಪೇಪರ್ ಕಲರ್ ಒತ್ತಿದೆ.

ಫೋಟೋ ಸತ್ತೇ ಹೋಯಿತು ಅನ್ನಿಸಿತು. ಬಿಳಿ ಮಾಸಿತು, ಕರಿ ಬೂದಾಯಿತು. ಹೆದರಿ ಅಣ್ಣನಿಗೆ ಫೋನ್ ಮಾಡಿದೆ.

"ಆ ಚೌಕ ಒತ್ತುವಾಗ ಪರದೆ ನೋಡಬೇಡ. ಬೇರೆ ಕಡೆ ತಿರುಗು. ಫೋಟೋಶಾಪಿನ ಬಿಳಿ ಪಟ್ಟಿ, ಮೆನು ಎಲ್ಲ ಮುಚ್ಚು. ಪರದೆ ತುಂಬ ಫೋಟೋ ಒಂದೇ ಇರಲಿ. ಒಂದು ನಿಮಿಷ ಬಿಟ್ಟು ನೋಡು."

ಅವರು ಹೇಳಿದ ಹಾಗೆ ಮಾಡಿದೆ. ನಿಮಿಷ ಕಳೆಯಿತು. ಪಕ್ಕದಲ್ಲಿ ಹೊಳೆಯುವ ಬಿಳಿ ಇಲ್ಲದಿದ್ದಾಗ ಹಾಳೆಯ ಬಿಳಿಯನ್ನೇ ಕಣ್ಣು ಬಿಳಿ ಅಂತ ಒಪ್ಪಿಕೊಂಡಿತು. ಫೋಟೋ ಮತ್ತೆ ಫೋಟೋ ಆಯಿತು. ಮೊದಲಿನಷ್ಟು ಜಿಗಿಯುವುದಿಲ್ಲ, ಆದರೆ ನಿಜ. ಒಳ್ಳೆಯ ಬೆಳಕಿನಲ್ಲಿ ಹಿಡಿದ ಹಾಳೆ ಹಾಗೇ ಕಾಣುತ್ತದೆ.

ಕಂಬಳಿಯ ಕಷ್ಟದ ಬೇರು ಎಲ್ಲಿದೆ ಅಂತ ಆಗ ಕಂಡಿತು. ಸರಿಯಾದ ಇಂಕ್, ಸರಿಯಾದ ಪ್ರೊಫೈಲ್ ಇದ್ದರೂ ಹತ್ತಿಯ ಮ್ಯಾಟ್ ಹಾಳೆಯ ಕಡುಕರಿಗೆ ಒಂದು ಮಿತಿ ಇದೆ. ಕರಿ ಎಷ್ಟು ಗಾಢ ಅಂತ ಹೇಳುವ ಸಾಂದ್ರತೆಯ ಲೆಕ್ಕದಲ್ಲಿ ಅದು ಸುಮಾರು 1.7. ಒಳ್ಳೆಯ ಲಸ್ಟರ್ ಹಾಳೆಯಲ್ಲಿ 2.3 ದಾಟುತ್ತದೆ. ಕೇಳಲು ಸಣ್ಣ ವ್ಯತ್ಯಾಸ. ಆದರೆ ಮ್ಯಾಟ್ ಹಾಳೆಯ ಕರಿ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಎರಡು ಪಾಲನ್ನು ವಾಪಸ್ ಕಳಿಸುತ್ತದೆ, ಲಸ್ಟರಿನ ಕರಿ ಕಳಿಸುವುದು ಅರ್ಧ ಪಾಲು ಮಾತ್ರ. ನಾಲ್ಕು ಪಟ್ಟು ಅಂತರ. ಅಜ್ಜನ ಕಂಬಳಿಯ ಮಡಿಕೆಗಳೆಲ್ಲ ಇರುವುದು ಆ ಅಂತರದ ಒಳಗೆ.

ಕಂಟ್ರೋಲ್ ವೈ ಒತ್ತಿ ಪ್ರೂಫ್ ಹಾಕಿ ತೆಗೆದು, ಹಾಕಿ ತೆಗೆದು ನೋಡಿದೆ. ಬೆಳಕು ನೆರಳು ತಿದ್ದುವ ಕರ್ವ್ಸ್ ಲೇಯರ್ ಹಾಕಿ ನೆರಳಿನ ಭಾಗವನ್ನು ಮೇಲೆತ್ತಿದೆ. ಎಳೆಗಳು ಬಂದವು, ಆದರೆ ಕಂಬಳಿ ಹಳೆಯದಾಗಿ ತೊಳೆದಂತೆ ಕಂಡಿತು. ಕರಿ ಕಂಬಳಿಯ ಘನತೆಯೇ ಅದರ ಕರಿ. ಅದೇ ಫೋಟೋಗೆ ಲಸ್ಟರ್ ಪ್ರೊಫೈಲ್ ಹಾಕಿ ನೋಡಿದೆ. ಅಲ್ಲಿತ್ತು! ಮ್ಯಾಟ್ ಹಾಳೆಯಲ್ಲೇ ಹೊಡೆಯಬೇಕು ಅನ್ನುವ ಹಟವನ್ನು ಆ ಸಂಜೆ ಬಿಟ್ಟೆ. ಇಷ್ಟು ತಿಳಿಯಲು ಒಂದು ಹಾಳೆಯೂ ಖರ್ಚಾಗಲಿಲ್ಲ.

ಅಲ್ಲಿಂದ ಮುಂದೆ ಹದಿನೆಂಟು ಫೋಟೋಗಳನ್ನೂ ಎರಡೆರಡು ಪ್ರೊಫೈಲಿನಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಾ ಹೋದೆ. ರಾತ್ರಿ ಊಟದ ನಂತರ ದಿನಕ್ಕೆ ಮೂರು ಫೋಟೋ. ಬೇಗ ಮುಗಿಸುವ ಕೆಲಸ ಅಲ್ಲ ಇದು.

ಚಂದ್ರವಳ್ಳಿ ಕೆರೆಯ ಮಂಜಿನ ಬೆಳಗು ಮ್ಯಾಟ್ ಹಾಳೆಗೇ ಹುಟ್ಟಿದಂತಿತ್ತು. ಅದರಲ್ಲಿ ಕಡುಕರಿ ಇಲ್ಲವೇ ಇಲ್ಲ. ಹತ್ತಿ ಹಾಳೆಯ ಮೃದು ಬಿಳಿಯೇ ಮಂಜಾಯಿತು. ವಾಣಿವಿಲಾಸ ಸಾಗರದ ಫೋಟೋ ಮಾತ್ರ ಕಾಡಿತು. ಮಾರಿಕಣಿವೆ ಅಂತಲೂ ಕರೆಯುವ ಆ ಜಲಾಶಯ 2022ರಲ್ಲಿ ಕೋಡಿ ಬಿದ್ದಾಗ ತೆಗೆದದ್ದು. 1933ರ ನಂತರ ಅದೇ ಮೊದಲು. ಊರಿಗೆ ಊರೇ ಹೋಗಿ ನೋಡಿತ್ತು. ಧುಮುಕುವ ನೊರೆ ಬೆಳ್ಳಗೆ ಹೊಳೆಯಬೇಕು. ಪ್ರಿಂಟರಿನಲ್ಲಿ ಬಿಳಿ ಇಂಕ್ ಇಲ್ಲ, ಹಾಳೆಯ ಬಿಳಿಯೇ ನೊರೆಯ ಬಿಳಿ. ರ್ಯಾಗ್ ಪ್ರೂಫಿನಲ್ಲಿ ನೊರೆ ಹಾಲಿನ ಕೆನೆಯಂತೆ ಬಂತು. ಲಸ್ಟರ್‌ನಲ್ಲಿ ನೀರಿನಂತೆ ಬಂತು. ಅದು ಲಸ್ಟರಿಗೆ ಹೋಯಿತು.

ನಾಯಕನಹಟ್ಟಿ ಜಾತ್ರೆಯಲ್ಲಿ ಭಕ್ತರು ಕೊಬ್ಬರಿ ಸುಡುವ ಫೋಟೋದಲ್ಲಿ ಬೇರೆಯದೇ ತೊಂದರೆ. ಗ್ಯಾಮಟ್ ವಾರ್ನಿಂಗ್ ಹಾಕಿದರೆ ಬೆಂಕಿಯ ನಡುಭಾಗ ಪೂರ್ತಿ ಬೂದು. ಆ ಕಿತ್ತಳೆ ಎರಡೂ ಹಾಳೆಯ ಅಳವಿನಲ್ಲಿ ಇಲ್ಲ ಅಂತ ಅರ್ಥ. ಅಳವು ಮೀರಿದ ಬಣ್ಣವನ್ನು ಏನು ಮಾಡಬೇಕು ಅಂತ ಹೇಳುವ ರೆಂಡರಿಂಗ್ ಇಂಟೆಂಟ್ ಇಲ್ಲಿ ಕೆಲಸಕ್ಕೆ ಬಂತು. ರಿಲೇಟಿವ್ ಕಲರಿಮೆಟ್ರಿಕ್ ಹಾಕಿದರೆ ಅಳವಿನ ಒಳಗಿರುವ ಬಣ್ಣ ಹಾಗೇ ಉಳಿಯುತ್ತವೆ, ಹೊರಗಿರುವುದನ್ನು ಗಡಿಯ ಹತ್ತಿರದ ಬಣ್ಣಕ್ಕೆ ತಂದು ನಿಲ್ಲಿಸುತ್ತದೆ. ಹಾಗೆ ನಿಂತಾಗ ಜ್ವಾಲೆಯ ಪದರಗಳೆಲ್ಲ ಒಂದೇ ಕಿತ್ತಳೆ ತೇಪೆ ಆದವು. ಪರ್ಸೆಪ್ಚುವಲ್ ಎಲ್ಲ ಬಣ್ಣವನ್ನೂ ಸ್ವಲ್ಪ ಸ್ವಲ್ಪ ಒಳಗೆ ಸರಿಸಿ ಜಾಗ ಮಾಡಿಕೊಳ್ಳುತ್ತದೆ. ಬೆಂಕಿ ತುಸು ಮಂದವಾಯಿತು, ಆದರೆ ಪದರ ಉಳಿಯಿತು. ಬೆಂಕಿಗೆ ಪರ್ಸೆಪ್ಚುವಲ್, ಕಂಬಳಿಗೆ ರಿಲೇಟಿವ್. ಯಾವುದು ಒಳ್ಳೆಯದು ಅಂತ ಕೇಳುವವರಿಗೆ ಒಂದೇ ಉತ್ತರ ಕೊಡಲು ನನಗೆ ಆಗುವುದಿಲ್ಲ. ಎರಡನ್ನೂ ಹಾಕಿ ಆ ಫೋಟೋದಲ್ಲೇ ನೋಡಬೇಕು.

ಲಸ್ಟರ್ ಹಾಳೆ ನಡುವೆಯೇ ಮುಗಿಯಿತು. ಅಂಗಡಿಯೊಂದರಲ್ಲಿ ಕಂಪನಿಯ ಹೆಸರೇ ಇಲ್ಲದ ಡಬ್ಬಿ ಸಿಕ್ಕಿತು. 260 ಜಿಎಸ್‌ಎಂ, ಮೇಲ್ಮೈ ಅದೇ ಥರ. ಪ್ರೊಫೈಲ್ ಕೊಡುವವರು ಯಾರೂ ಇಲ್ಲ. ಎಪ್ಸನ್ ಲಸ್ಟರ್ ಪ್ರೊಫೈಲನ್ನೇ ಹಾಕಿ ನೋಡಿದೆ. ಪರದೆಯ ಪ್ರೂಫ್ ಚೆನ್ನಾಗಿತ್ತು. ಪ್ರಿಂಟಿನಲ್ಲಿ ಬಂಡೆಯ ನೆರಳು ಹಸಿರಾಯಿತು. ಸಾಫ್ಟ್ ಪ್ರೂಫ್ ಸುಳ್ಳು ಹೇಳಲಿಲ್ಲ, ಎಪ್ಸನ್ ಲಸ್ಟರ್ ಹಾಳೆಯ ವಿಷಯದಲ್ಲಿ ಅದು ಹೇಳಿದ್ದು ನಿಜವೇ. ನಾನು ಕೇಳಿದ್ದು ಬೇರೆ ಹಾಳೆಯ ಬಗ್ಗೆ.

ಡಬ್ಬಿಗಳು ಮೂರಿದ್ದವು, ಬಿಸಾಡಲು ಮನಸ್ಸಾಗಲಿಲ್ಲ. ಆ ಹಾಳೆಗೇ ಪ್ರೊಫೈಲ್ ಮಾಡಿಸಿದೆ. 918 ಬಣ್ಣದ ಚೌಕಗಳ ಚಾರ್ಟನ್ನು ಯಾವ ಬಣ್ಣದ ಹೊಂದಾಣಿಕೆಯೂ ಇಲ್ಲದೆ ಪ್ರಿಂಟ್ ಹೊಡೆಯಬೇಕು. ಹಾಗೆ ಹೊಡೆಯುವ ಆಯ್ಕೆಯನ್ನು ಫೋಟೋಶಾಪ್ 2010ರಲ್ಲಿ ಬಂದ ಸಿಎಸ್5ರಿಂದಲೇ ತೆಗೆದುಹಾಕಿದೆ. ಅದಕ್ಕೆ ಅಡೋಬಿಯ ಕಲರ್ ಪ್ರಿಂಟರ್ ಯುಟಿಲಿಟಿ ಅನ್ನುವ ಸಣ್ಣ ಪ್ರೋಗ್ರಾಂ ಬೇರೆ ಇದೆ. ಡ್ರೈವರಿನಲ್ಲಿ ಪ್ರೀಮಿಯಂ ಲಸ್ಟರ್ ಅಂತ ಕೊಟ್ಟು, ಬಣ್ಣದ ಹೊಂದಾಣಿಕೆ ಆಫ್ ಮಾಡಿ ಹೊಡೆದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ನಡುವೆ ತೆಳು ಹಾಳೆ ಇಟ್ಟು ರಟ್ಟಿನಲ್ಲಿ ಕಟ್ಟಿ ಬೆಂಗಳೂರಿಗೆ ಕೊರಿಯರ್ ಮಾಡಿದೆ. ಅಳೆಯುವ ಯಂತ್ರ ಇರುವವರು ಐದನೇ ದಿನ ಪ್ರೊಫೈಲ್ ಕಳಿಸಿದರು. ಒಳಗಿನ ಹೆಸರನ್ನೂ ನಾನು ಹೇಳಿದಂತೆ ಬರೆಸಿಕೊಂಡೆ: ದುರ್ಗ, ಬಿಳಿ ಡಬ್ಬಿ, ಲಸ್ಟರ್. ಆ ಉದ್ದದ ಪಟ್ಟಿಯಲ್ಲಿ ನನಗೆ ಕೂಡಲೇ ಅರ್ಥವಾಗುವ ಒಂದೇ ಹೆಸರು ಅದು.

ಹೊಸ ಪ್ರೊಫೈಲಿನಲ್ಲಿ ಪ್ರೂಫ್ ನೋಡಿದಾಗ ಪರದೆಯ ಮೇಲೂ ಹಾಳೆ ತುಸು ನೀಲಿ ಬಿಳಿಯಾಗಿ ಕಂಡಿತು. ಕೈಯಲ್ಲಿದ್ದ ಹಾಳೆಯೂ ಹಾಗೇ ಇತ್ತು. ಬೆಳ್ಳಗೆ ಕಾಣಲೆಂದು ಹೊಳಪುಕಾರಕ ಸೇರಿಸಿದ ಹಾಳೆ ಅದು. ಕಂಬಳಿಯ ಫೋಟೋ ಹೊಡೆದೆ. ಕಿಟಕಿ ಹತ್ತಿರ ಪ್ರಿಂಟ್ ಹಿಡಿದು, ಪರದೆಯನ್ನು ಒಮ್ಮೆ, ಪ್ರಿಂಟನ್ನು ಒಮ್ಮೆ ನೋಡಿದೆ. ಮಡಿಕೆ ಇತ್ತು, ಎಳೆ ಇತ್ತು. ಅಂಚಿನ ಕಂದು ಕೂಡ.

ಪ್ರದರ್ಶನದ ಹಿಂದಿನ ದಿನ ಪ್ರಿಂಟ್‌ಗಳನ್ನು ತೂಗುಹಾಕಿದೆವು. ಅಣ್ಣ ದಾವಣಗೆರೆಯಿಂದ ಬಂದಿದ್ದರು. ಆ ಹಾಲ್‌ನಲ್ಲಿ ಹಳೆಯ ಟ್ಯೂಬ್‌ಲೈಟು. ಅದರ ಕೆಳಗೆ ಕೋಟೆ ಬಂಡೆಗೆ ಮತ್ತೆ ಹಸಿರು ಹತ್ತಿತು. ನನ್ನ ಎದೆ ಧಸಕ್ ಅಂದಿತು. ಅಣ್ಣ ಪ್ರಿಂಟ್ ಕಳಚಿ ಬಾಗಿಲ ಬಳಿ ಹಗಲು ಬೆಳಕಿಗೆ ಒಯ್ದರು.

"ಪ್ರಿಂಟ್ ಸರಿ ಐತಿ ತಮ್ಮಾ. ಲೈಟ್ ಬದಲಿಸು."

ಬಣ್ಣವನ್ನು ನಿಜವಾಗಿ ತೋರಿಸುವ, 5000 ಕೆಲ್ವಿನ್ನಿನ ಎಲ್‌ಇಡಿ ಬಲ್ಬುಗಳನ್ನು ಅವರು ತಮ್ಮ ಸ್ಟುಡಿಯೊದಿಂದ ಒಂದು ಚೀಲದಲ್ಲಿ ತಂದೇ ಇದ್ದರು. ಏಣಿ ಹಿಡಿದುಕೊಂಡು ನಿಂತೆ. ಅವರು ಒಂದೊಂದಾಗಿ ಹಾಕುತ್ತಾ ಬಂದರು. ಮೊದಲನೆಯದು ಕಂಬಳಿ ಅಜ್ಜನ ಮೇಲೆ.